14 ತಿಂಗಳಾಯಿತು, ಟಿಸಿಆರ್ ಕಾಂಪ್ಲೆಕ್ಸ್ ಕೈಗೆ ಸಿಗುತ್ತಿಲ್ಲ. ಪ್ರಾಜೆಕ್ಟ್ ಬಿಡಲಾ?

ಹನಿಯೊಳಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ನಾನು ಪಿಎಚ್‌ಡಿ ಮಾಡಿದ್ದು ಬ್ಯಾಕ್ಟೀರಿಯಾದ ಒಂದು ಕಿಣ್ವದ ಮೇಲೆ. ಅದು ಸಾಧು ಪ್ರಾಣಿ. ಇ. ಕೋಲೈನಲ್ಲಿ ಬೆಳೆಸಿದರೆ ಲೀಟರಿಗೆ 30 ಮಿಲಿಗ್ರಾಂ ಬರುತ್ತಿತ್ತು, ಪ್ರೋಟೀನಿನ ಹನಿ ಇಟ್ಟರೆ ವಾರದೊಳಗೆ ಹರಳು. ಐದು ವರ್ಷದಲ್ಲಿ ಆರು ಸ್ಟ್ರಕ್ಚರ್ (ಹರಳಿಗೆ ಎಕ್ಸ್‌ರೇ ಹಾಯಿಸಿ ತೆಗೆದ ಪ್ರೋಟೀನಿನ ಆಕಾರ) ಮಾಡಿದೆ. ನನಗೆ ಹರಳು ಕಟ್ಟುವ ಕೈಗುಣ ಇದೆ ಅಂತ ನಾನೂ ನಂಬಿದ್ದೆ, ಪೋಸ್ಟ್‌ಡಾಕ್ ಕೊಟ್ಟವರೂ ನಂಬಿದರು.

ಈಗಿನ ಕೆಲಸ ಸ್ಟ್ರಕ್ಚರಲ್ ಇಮ್ಯುನಾಲಜಿ. ವೈರಸ್ಸಿನ 9 ಅಮೈನೋ ಆಮ್ಲದ ಒಂದು ಪೆಪ್ಟೈಡು (ಪ್ರೋಟೀನಿನ ತುಣುಕು), ಅದನ್ನು ಕೋಶದ ಮೈಮೇಲೆ ಎತ್ತಿ ತೋರಿಸುವ ಪ್ರೋಟೀನ್ ಎಚ್‌ಎಲ್‌ಎ-ಎ2, ಅದನ್ನು ಗುರುತು ಹಿಡಿಯುವ ಒಂದು ಟಿ-ಸೆಲ್ ರಿಸೆಪ್ಟರ್, ಅಂದರೆ ಟಿಸಿಆರ್. ವೈರಸ್ಸು 5ನೇ ಜಾಗದ ಟೈರೋಸಿನ್ ತೆಗೆದು ಹಿಸ್ಟಿಡಿನ್ ಹಾಕಿಕೊಂಡರೆ ಸಾಕು, ಈ ಟಿಸಿಆರ್‌ಗೆ ಅದು ಕಾಣಿಸುವುದೇ ಇಲ್ಲ. ಯಾಕೆ ಅಂತ ನಾನು ಕಾಂಪ್ಲೆಕ್ಸಿನ, ಅಂದರೆ ಈ ಮೂರೂ ಕೂಡಿ ಕೂತಿರುವುದರ, ಸ್ಟ್ರಕ್ಚರ್ ಮಾಡಿ ಹೇಳಬೇಕು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಇಂಟರ್‌ವ್ಯೂನಲ್ಲಿ ನನಗೂ ಹಾಗೇ ಅನಿಸಿತ್ತು.

ಎಚ್‌ಎಲ್‌ಎಯ ಎರಡು, ಟಿಸಿಆರ್‌ನ ಎರಡು (ಆಲ್ಫಾ, ಬೀಟಾ), ಹೀಗೆ ನಾಲ್ಕು ಪ್ರೋಟೀನ್ ಸರಪಳಿಯನ್ನೂ ಇ. ಕೋಲೈನಲ್ಲೇ ಬೆಳೆಸುತ್ತೇನೆ. ನಾಲ್ಕೂ ಇನ್‌ಕ್ಲೂಷನ್ ಬಾಡಿಯಾಗಿ ಮುದ್ದೆ ಕಟ್ಟಿಕೊಂಡು ಕೂರುತ್ತವೆ. ಆ ಮುದ್ದೆಯನ್ನು ತೊಳೆದು, ಯೂರಿಯಾದಲ್ಲಿ ಕರಗಿಸಿ, ಒಂದು ಲೀಟರ್ ರೀಫೋಲ್ಡಿಂಗ್ ಬಫರಿಗೆ (ಪ್ರೋಟೀನು ಮತ್ತೆ ಸರಿಯಾಗಿ ಮಡಚಿಕೊಳ್ಳುವ ದ್ರಾವಣ) ಹನಿಹನಿಯಾಗಿ ಬಿಟ್ಟು, ಕೋಲ್ಡ್ ರೂಮಿನಲ್ಲಿ ದಿನಗಟ್ಟಲೆ ತಿರುಗಿಸಬೇಕು. ಎಚ್‌ಎಲ್‌ಎಗೆ ಎಲ್ಲರೂ ಬಳಸುವ ಅದೇ ಬಫರ್: 400 ಮಿಲಿಮೋಲಾರ್ ಆರ್ಜಿನೈನ್, 5 ಮಿಲಿಮೋಲಾರ್ ರೆಡ್ಯೂಸ್ಡ್ ಗ್ಲೂಟಾಥಯೋನ್, 0.5 ಆಕ್ಸಿಡೈಸ್ಡ್. ಲೀಟರಿಗೆ 4 ಮಿಲಿಗ್ರಾಂ ಸಿಕ್ಕರೆ ಪುಣ್ಯ. ಟಿಸಿಆರ್ ಆದರೆ ಒಂದೂವರೆ. ಅದರಲ್ಲೂ ಆಲ್ಫಾದ 48ನೇ ಥ್ರಿಯೋನಿನ್, ಬೀಟಾದ 57ನೇ ಸೆರಿನ್ ಎರಡನ್ನೂ ಸಿಸ್ಟೀನ್ ಮಾಡಿ ಡೈಸಲ್ಫೈಡ್ ಕೊಂಡಿ ಹಾಕಿದ ಮೇಲೆ ಈ ಮಾತು. ಅದಕ್ಕೆ ಮೊದಲು ಸಿಗುತ್ತಿದ್ದುದನ್ನು ಹೇಳಲು ನಾಚಿಕೆಯಾಗುತ್ತೆ.

ಎಸ್‌ಪಿಆರ್‌ನಲ್ಲಿ (ಎರಡು ಪ್ರೋಟೀನು ಅಂಟುವುದನ್ನು ಅಳೆಯುವ ಯಂತ್ರ) ಕೆಡಿ, ಅಂದರೆ ಹಿಡಿತದ ಅಳತೆ, 40 ಮೈಕ್ರೋಮೋಲಾರ್. ಈ ಅಂಕಿ ದೊಡ್ಡದಾದಷ್ಟೂ ಹಿಡಿತ ಸಡಿಲ. ಗ್ರಾಫು ಪೆಟ್ಟಿಗೆಯ ಆಕಾರ. ಸರ್ರನೆ ಏರುತ್ತೆ, ಬಫರ್ ಬಿಟ್ಟ ಕೂಡಲೇ ಸರ್ರನೆ ಇಳಿಯುತ್ತೆ. ಮ್ಯುಟೆಂಟ್, ಅಂದರೆ ಹಿಸ್ಟಿಡಿನ್ ಇರುವ, ಪೆಪ್ಟೈಡಿಗೆ ಸಿಗ್ನಲ್ಲೇ ಇಲ್ಲ. ಇಲ್ಲಿಯವರೆಗೆ ಖುಷಿ. ಆಮೇಲೆ ಟಿಸಿಆರ್, ಎಚ್‌ಎಲ್‌ಎ ಎರಡನ್ನೂ ಬೆರೆಸಿ, ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್ ಫಿಲ್ಟ್ರೇಶನ್‌ಗೆ ಹಾಕಿದೆ. ಬೇರೆ ಬೇರೆ ಓಡಿಸಿದಾಗ ಎಲ್ಲಿ ಬರುತ್ತಿದ್ದವೋ ಬೆರೆಸಿ ಓಡಿಸಿದರೂ ಅಲ್ಲೇ ಬಂದವು, 15 ಮಿಲಿಲೀಟರ್ ಹತ್ತಿರ. ಆರು ಸಲ ಮಾಡಿದೆ. ಕಾಂಪ್ಲೆಕ್ಸಿನ ಪೀಕು ಇಲ್ಲವೇ ಇಲ್ಲ.

ಆದರೂ ಬಂದ ಪ್ರೋಟೀನನ್ನೇ ಮಿಲಿಲೀಟರಿಗೆ 5 ಮಿಲಿಗ್ರಾಂ ಆಗುವಷ್ಟು ಗಟ್ಟಿ ಮಾಡಿ ಹನಿ ಇಟ್ಟೆ. 22 ಪ್ಲೇಟು, ಒಂದೊಂದರಲ್ಲಿ 96, ಒಟ್ಟು 2,112 ಹನಿ. ಉಪ್ಪಿನ ಹರಳು ಬಂತು, ಬೂಷ್ಟು ಬಂತು, ಒಂದು ಪ್ಲೇಟಿನಲ್ಲಿ ನನ್ನದೇ ತಲೆಗೂದಲು ಬಂತು. ಕೊನೆಗೆ ಹತ್ತನೇ ತಿಂಗಳಲ್ಲಿ ಒಂದು ಹನಿಯಲ್ಲಿ ತಟ್ಟೆಯಂಥ ಚೆಂದದ ಹರಳು. ಸಿಂಕ್ರೊಟ್ರಾನಿಗೆ (ತೀವ್ರ ಎಕ್ಸ್‌ರೇ ಕೇಂದ್ರ) ಕಳಿಸಿದೆವು, ರೆಸಲ್ಯೂಶನ್ (ಅಂಕಿ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ) 1.9 ಆಂಗ್‌ಸ್ಟ್ರಾಮ್. ರಾತ್ರಿ ಎರಡು ಗಂಟೆಗೆ, ಗೊತ್ತಿರುವ ಆಕಾರಗಳನ್ನು ಡೇಟಾಕ್ಕೆ ಕೂರಿಸಿ ನೋಡುವ ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್ ಓಡಿಸಿದರೆ ಎಚ್‌ಎಲ್‌ಎ ಕೂತಿತು, ಟಿಸಿಆರ್ ಕೂರಲಿಲ್ಲ. ಕೂರಲು ಜಾಗವೇ ಇರಲಿಲ್ಲ. ಟಿಸಿಆರ್ ಹೊರಗೆ ಉಳಿದು ಬರೀ ಎಚ್‌ಎಲ್‌ಎ ಹರಳಾಗಿತ್ತು. ಅವತ್ತು ಲ್ಯಾಪ್‌ಟಾಪ್ ಮುಚ್ಚಿ ಕಾರಿಡಾರಿನಲ್ಲಿ ಸುಮ್ನೆ ನಡೆದಾಡಿದೆ.

ಈಗ ಬಾಸ್ ಹೇಳುವುದು "ಹರಳು ಬಿಡು, ಕ್ರಯೋ-ಇಎಂ ಮಾಡು". ಅಂದರೆ ಪ್ರೋಟೀನನ್ನು ಗ್ರಿಡ್ ಅನ್ನುವ ಪುಟ್ಟ ಜಾಲಿಯ ಮೇಲೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದು. 1 ಮಿಲಿಗ್ರಾಂನಲ್ಲಿ ಗ್ರಿಡ್ ಮಾಡಿ ನೋಡಿದೆ. 2ಡಿ ಕ್ಲಾಸುಗಳೆಲ್ಲ (ಕಣಗಳ ಸರಾಸರಿ ಚಿತ್ರಗಳು) ಒರೆಸಿದ ಚಾಕ್‌ಪೀಸ್ ಗುರುತಿನಂತಿವೆ. ಹೋದ ವಾರ ಇನ್ನೊಂದು ಲ್ಯಾಬಿನವರು ಇದೇ ಪೆಪ್ಟೈಡನ್ನು ಹಿಡಿಯುವ ಬೇರೆ ಟಿಸಿಆರ್‌ನ ಸ್ಟ್ರಕ್ಚರ್ ಪ್ರಿಪ್ರಿಂಟ್ ಹಾಕಿದ್ದಾರೆ. ನನ್ನ ಕಾಂಟ್ರಾಕ್ಟು ಇನ್ನು 10 ತಿಂಗಳು.

ಕೇಳಬೇಕಾಗಿರುವುದು ಇಷ್ಟು. ತಪ್ಪು ನನ್ನ ಕೈಯದಾ, ಪ್ರೋಟೀನಿನದಾ? ಕ್ರಯೋ-ಇಎಂಗೆ ಹೋಗುವುದರಲ್ಲಿ ಅರ್ಥ ಇದೆಯಾ? ಅಥವಾ ಈಗಲೇ ಬಿಟ್ಟು ಬೇರೆ ಪ್ರಾಜೆಕ್ಟ್ ಕೇಳಲಾ?

ಸುಮ್ನೆ_ಓದುಗ

ಇಷ್ಟೆಲ್ಲ ಒದ್ದಾಟ ಯಾಕೆ? ಪ್ರೋಟೀನಿನ ಆಕಾರ ಊಹಿಸುವ ಎಐ ಇದೆಯಲ್ಲ, ಆಲ್ಫಾಫೋಲ್ಡ್ 3, ಅದಕ್ಕೆ ಐದು ಸೀಕ್ವೆನ್ಸ್ ಹಾಕಿ, ಕಾಫಿ ಕುಡಿದು ಬರುವಷ್ಟರಲ್ಲಿ ಕಾಂಪ್ಲೆಕ್ಸ್ ರೆಡಿ. 2024ರಲ್ಲಿ ಅದರ ಹಿಂದಿನ ಆವೃತ್ತಿಗೇ ತಾನೇ ನೊಬೆಲ್ ಕೊಟ್ಟಿದ್ದು.

ಹನಿಯೊಳಗೆ

ಹಾಕಿದ್ದೇನೆ ಸರ್. ಹತ್ತು ಬೇರೆ ಬೇರೆ ಸೀಡ್ (ಲೆಕ್ಕ ಶುರುವಾಗುವ ಅಂಕಿ) ಕೊಟ್ಟು ಓಡಿಸಿದೆ. ಎಚ್‌ಎಲ್‌ಎ ಮೇಲೆ ಟಿಸಿಆರ್ ಅಡ್ಡಡ್ಡ ಕೂರುವ ಒಟ್ಟು ಭಂಗಿ ಹತ್ತರಲ್ಲಿ ಏಳು ಸಲ ಸರಿಯಾಗೇ ಬರುತ್ತೆ. ಬರದೆ ಏನು, 1996ರಿಂದ ಜನ ಮಾಡಿಟ್ಟ ಸ್ಟ್ರಕ್ಚರ್‌ಗಳನ್ನೆಲ್ಲ ಅದು ಓದಿಕೊಂಡಿದೆ. ಆದರೆ ಪೆಪ್ಟೈಡನ್ನು ಮುಟ್ಟುವ, ಟಿಸಿಆರ್‌ನ ಸಿಡಿಆರ್3 ಕುಣಿಕೆಗಳು ಒಂದೊಂದು ಸಲ ಒಂದೊಂದು ಕಡೆ. ನನ್ನ ಪ್ರಶ್ನೆ ಇರುವುದೇ ಆ ಕುಣಿಕೆಯಲ್ಲಿ. ಇನ್ನೊಂದು ತಮಾಷೆ: ಟಿಸಿಆರ್ ಮುಟ್ಟದ ಮ್ಯುಟೆಂಟ್ ಪೆಪ್ಟೈಡ್ ಕೊಟ್ಟರೂ ಅದು ಅಷ್ಟೇ ವಿಶ್ವಾಸದಿಂದ ಇಬ್ಬರನ್ನೂ ಕೂಡಿಸಿ ಕೊಡುತ್ತೆ.

ಹಳೇ_ಹರಳು

ನಾನು ಎರಡು ಪೋಸ್ಟ್‌ಡಾಕ್ ಮಾಡಿದವನು, ಎರಡೂ ಟಿಸಿಆರ್ ಮೇಲೆ. ಈಗ ಹರಳಿನ ಫೆಸಿಲಿಟಿ ನೋಡಿಕೊಳ್ಳುತ್ತೇನೆ. ದಿನಾ ಬೇರೆಯವರ ಹನಿ ನೋಡುವುದೇ ಕೆಲಸ. ಹಾಗಾಗಿ ಸ್ವಲ್ಪ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಕೈಯದೂ ತಪ್ಪಲ್ಲ, ಪ್ರೋಟೀನಿನದೂ ಅಲ್ಲ. ನಿಮ್ಮ ಕಿಣ್ವದ ಅಭ್ಯಾಸದ್ದು. 40 ಮೈಕ್ರೋಮೋಲಾರ್ ಅಂದಾಗಲೇ ಪೆನ್ನು ಹಿಡಿದು ಒಂದು ಲೆಕ್ಕ ಮಾಡಬೇಕಿತ್ತು. ಟಿಸಿಆರ್ ತೂಕ 50 ಕಿಲೋಡಾಲ್ಟನ್, ಪೆಪ್ಟೈಡ್ ಸಮೇತ ಎಚ್‌ಎಲ್‌ಎ 45, ಕೂಡಿದರೆ 95. ಸಮಸಮ ಬೆರೆಸಿದ ಮಿಶ್ರಣ ಮಿಲಿಲೀಟರಿಗೆ ಒಟ್ಟು 10 ಮಿಲಿಗ್ರಾಂ ಇದ್ದರೆ ಒಂದೊಂದೂ ಸುಮಾರು 105 ಮೈಕ್ರೋಮೋಲಾರ್. ಆಗ ನೂರಕ್ಕೆ 54 ಜೋಡಿಯಾಗಿರುತ್ತವೆ. 20 ಮಿಲಿಗ್ರಾಂಗೆ ಹೋದರೆ 65. ನಿಮ್ಮ ಗ್ರಿಡ್ಡಿನ 1 ಮಿಲಿಗ್ರಾಂನಲ್ಲಿ? ಬರೀ 18. ಜೆಲ್ ಫಿಲ್ಟ್ರೇಶನ್ ಕಾಲಮ್ಮಿನಲ್ಲಿ ಹರಡಿಕೊಂಡು 5 ಮೈಕ್ರೋಮೋಲಾರಿಗೆ ಇಳಿದಾಗ ನೂರಕ್ಕೆ 10. ನೀವು ಆರು ಸಲ ಓಡಿಸಿದಿರಿ, ಅರವತ್ತು ಸಲ ಓಡಿಸಿದರೂ ಆ ಪೀಕು ಕಾಣಿಸುವುದಿಲ್ಲ.

ನಿಮ್ಮ ಎಸ್‌ಪಿಆರ್ ಪೆಟ್ಟಿಗೆ ಹೇಳುತ್ತಿದ್ದುದೂ ಇದನ್ನೇ. ಅವು ಒಂದೆರಡು ಸೆಕೆಂಡು ಕೈ ಹಿಡಿದು ಬಿಡುತ್ತವೆ. ಅಂಥವನ್ನು ಅರ್ಧ ಗಂಟೆ ಕಾಲಮ್ಮಿನಲ್ಲಿ ಓಡಿಸಿ ಜೊತೆಯಾಗಿ ಬನ್ನಿ ಅಂದರೆ ಹೇಗೆ?

ಇದು ಟಿಸಿಆರ್‌ನ ಐಬಲ್ಲ. ಆಂಟಿಬಾಡಿಯವರು ನ್ಯಾನೋಮೋಲಾರಿನಲ್ಲಿ ಮಾತಾಡುತ್ತಾರೆ, ಯಾಕಂದರೆ ಬಿ-ಕೋಶ ತನ್ನ ಜೀನನ್ನು ಮತ್ತೆ ಮತ್ತೆ ತಿದ್ದಿ ಹಿಡಿತ ಬಿಗಿ ಮಾಡಿಕೊಳ್ಳುತ್ತೆ. ಟಿ-ಕೋಶಕ್ಕೆ ಆ ತಿದ್ದುಪಡಿ ಇಲ್ಲ. ಸಹಜ ಟಿಸಿಆರ್‌ಗಳು ಬಹುಪಾಲು 1ರಿಂದ 100 ಮೈಕ್ರೋಮೋಲಾರ್ ಒಳಗೆ ಬರುತ್ತವೆ. ಒಂದು ಕೋಶದ ಮೈಮೇಲಿನ ಸಾವಿರಾರು ಪೆಪ್ಟೈಡುಗಳನ್ನು ತಡವಿ ನೋಡಿಕೊಂಡು ಮುಂದೆ ಹೋಗಬೇಕಾದವನು ಮೊದಲನೆಯದಕ್ಕೇ ಅಂಟಿಕೊಂಡು ನಿಂತರೆ ಕೆಲಸ ಆದ ಹಾಗೇ. ಅಲ್ಲಿ ಹಿಡಿತಕ್ಕೆ ನೆರವಾಗುವ ಸಿಡಿ8 ಇದೆ, ಪಕ್ಕದಲ್ಲಿ ಇನ್ನಷ್ಟು ರಿಸೆಪ್ಟರುಗಳಿವೆ. ನಿಮ್ಮ ಟ್ಯೂಬಿನಲ್ಲಿ ಅವು ಯಾವುವೂ ಇಲ್ಲ.

ಹಾಗಾದರೆ ಏನು ಮಾಡುವುದು? ಕಾಂಪ್ಲೆಕ್ಸನ್ನು ಶುದ್ಧ ಮಾಡುವ ಆಸೆ ಬಿಡಿ. ಎರಡನ್ನೂ ಬೇರೆ ಬೇರೆ ಶುದ್ಧ ಮಾಡಿ. ಉಪ್ಪು ಕಡಿಮೆ ಇರುವ ಬಫರಿಗೆ ತನ್ನಿ. ಕೊನೆಯಲ್ಲಿ ಬೆರೆಸಿ, ನೇರವಾಗಿ 12ರಿಂದ 15 ಮಿಲಿಗ್ರಾಂನಲ್ಲಿ ಹನಿ ಇಡಿ. ಎಚ್‌ಎಲ್‌ಎ ಒಂಟಿಯಾಗಿ ಹರಳಾಗುವ ಚಾಳಿ ಇದ್ದರೆ ಟಿಸಿಆರ್ ಒಂದು ಹಿಡಿ ಜಾಸ್ತಿ ಹಾಕಿ, ನಾನಾದರೆ 1.2 ಪಾಲು ಹಾಕುತ್ತೇನೆ. ಸ್ಕ್ರೀನ್ (ಹರಳಿಗಾಗಿ ಪರೀಕ್ಷಿಸುವ ದ್ರಾವಣಗಳ ಸೆಟ್ಟು) ವಿಷಯಕ್ಕೆ ಬಂದರೆ, 96 ಹನಿಯ ಎಲ್ಲ ಪ್ಲೇಟನ್ನೂ ಕಣ್ಣುಮುಚ್ಚಿ ಇಡಬೇಡಿ. ಟಿಸಿಆರ್ ಕಾಂಪ್ಲೆಕ್ಸುಗಳು ಹರಳಾದ ಕಡೆಯೆಲ್ಲ ನೋಡಿದರೆ ಹೆಚ್ಚಿನವು ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ಪೆಗ್‌ನಲ್ಲೇ ಆಗಿವೆ. ಆ ಅನುಭವ ಎಲ್ಲ ಸೇರಿಸಿ 2012ರಲ್ಲಿ ಟಾಪ್ಸ್ ಅಂತ ಒಂದು ಸ್ಕ್ರೀನನ್ನೇ ಪ್ರಕಟಿಸಿದ್ದಾರೆ. ಅದರಿಂದ ಶುರು ಮಾಡಿ.

ಇನ್ನು ಹರಳು ಬಂದರೆ ಓಡಿಹೋಗಿ ಸಿಂಕ್ರೊಟ್ರಾನಿಗೆ ಕಳಿಸಬೇಡಿ. ಎರಡು ಮೂರು ಹರಳನ್ನು ಹನಿಯಿಂದ ಎತ್ತಿ, ತಾಯಿ ದ್ರಾವಣದಲ್ಲಿ ಮೂರು ಸಲ ತೊಳೆದು, ರೆಡ್ಯೂಸಿಂಗ್ ಜೆಲ್‌ನಲ್ಲಿ ಓಡಿಸಿ ಬೆಳ್ಳಿ ಬಣ್ಣ ಹಾಕಿ. 32, 28, 23, 12 ಕಿಲೋಡಾಲ್ಟನ್: ನಾಲ್ಕು ಸರಪಳಿಯ ನಾಲ್ಕು ಪಟ್ಟಿ ಕಂಡರೆ ಮಾತ್ರ ಕುಣಿಯಿರಿ. ಎಚ್‌ಎಲ್‌ಎಯ 32, 12 ಎರಡೇ ಕಂಡರೆ ಅದು ನಿಮ್ಮ ರಾತ್ರಿ ಎರಡು ಗಂಟೆಯ ಹರಳು. ಈ ಒಂದು ಜೆಲ್ ನನಗೆ ಮೊದಲ ಪೋಸ್ಟ್‌ಡಾಕಿನಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಪ್ರಾಜೆಕ್ಟ್ ಬಿಡಬೇಡಿ. ಆದರೆ ಪಕ್ಕದಲ್ಲಿ ಇನ್ನೊಂದು ಇಟ್ಟುಕೊಳ್ಳಿ, ಬಿಗಿಯಾಗಿ ಅಂಟುವಂಥದ್ದು, ಆಂಟಿಬಾಡಿಯ ಫ್ಯಾಬು (ಅದರ ಹಿಡಿಯುವ ತುಂಡು) ಮತ್ತು ಅದರ ಆಂಟಿಜೆನ್ ಥರದ್ದು. ಪೋಸ್ಟ್‌ಡಾಕ್ ಮಾಡುವವರು ಒಂದೇ ಕುದುರೆಯ ಮೇಲೆ ಎರಡು ವರ್ಷ ಕೂರಬಾರದು. ಬಾಸ್ ಹತ್ತಿರ ಹೋಗುವಾಗ ಅಳು ತೆಗೆದುಕೊಂಡು ಹೋಗಬೇಡಿ, ಮೇಲಿನ ನಾಲ್ಕು ಅಂಕಿ ತೆಗೆದುಕೊಂಡು ಹೋಗಿ.

ಮಂಜಿನ_ಜಾಲಿ

ಹಳೇ_ಹರಳು ಅವರ 18ರ ಲೆಕ್ಕಕ್ಕೆ ನನ್ನದೂ ಒಂದು ಸಹಿ. ಕ್ರಯೋ-ಇಎಂ ಕಡೆಯಿಂದ ನೋಡಿದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು. ನಿಮ್ಮ ಗ್ರಿಡ್ಡಿನಲ್ಲಿ ನೂರಕ್ಕೆ 82 ಒಂಟಿಯಾಗಿ ಅಲೆಯುತ್ತಿರುವ 45, 50 ಕಿಲೋಡಾಲ್ಟನ್ ಕಣಗಳು. ಅವುಗಳ ಮಧ್ಯೆ 95ರದ್ದನ್ನು ಸಾಫ್ಟ್‌ವೇರ್ ಹುಡುಕಬೇಕು. ಮೇಲಾಗಿ, ಮಂಜಿನ ಪದರ ಕೆಲವು ಹತ್ತು ನ್ಯಾನೋಮೀಟರ್ ದಪ್ಪ ಅಷ್ಟೇ. ಹೆಪ್ಪುಗಟ್ಟಿಸುವ ತಣ್ಣನೆಯ ಈಥೇನಿಗೆ ಬೀಳುವ ಮೊದಲೇ ಪ್ರತಿ ಕಣವೂ ನೀರು-ಗಾಳಿ ಸೇರುವ ಮೈಗೆ ಮತ್ತೆ ಮತ್ತೆ ಡಿಕ್ಕಿ ಹೊಡೆಯುತ್ತೆ. ಸಡಿಲ ಜೋಡಿಗಳು ಅಲ್ಲೂ ಒಡೆಯುತ್ತವೆ.

ಚಿಕ್ಕದು ಅನ್ನುವುದೊಂದೇ ಅಡ್ಡಿಯಲ್ಲ. 2017ರಲ್ಲೇ 64 ಕಿಲೋಡಾಲ್ಟನ್ನಿನ ಹಿಮೋಗ್ಲೋಬಿನನ್ನು 3.2 ಆಂಗ್‌ಸ್ಟ್ರಾಮಿಗೆ ಮಾಡಿ ತೋರಿಸಿದ್ದಾರೆ. ಆದರೆ ಹಿಮೋಗ್ಲೋಬಿನ್ ಗಟ್ಟಿಮುಟ್ಟು, ಸಿಮೆಟ್ರಿಯೂ ಇದೆ. ನಿಮ್ಮದು ಎರಡು ಬಾಳೆಹಣ್ಣು ತುದಿಗೆ ತುದಿ ಇಟ್ಟ ಹಾಗೆ.

ಮಾಡಲೇಬೇಕು ಅಂದರೆ ಎರಡು ದಾರಿ. ಒಂದು, ಟಿಸಿಆರ್‌ನ ಕಾನ್‌ಸ್ಟೆಂಟ್ ಭಾಗವನ್ನು ಹಿಡಿಯುವ ಫ್ಯಾಬ್ ಅಂಟಿಸಿ. 50 ಕಿಲೋಡಾಲ್ಟನ್ ಜಾಸ್ತಿಯಾಗುತ್ತೆ, ಕ್ಲಾಸುಗಳಲ್ಲಿ ದಿಕ್ಕು ಗೊತ್ತಾಗಲು ಒಂದು ಬಾಲ ಸಿಗುತ್ತೆ. ಇನ್ನೊಂದು, ಟಿಸಿಆರ್‌ಗೂ ಎಚ್‌ಎಲ್‌ಎಗೂ ಮಧ್ಯೆ ಒಂದು ಡೈಸಲ್ಫೈಡ್ ಕೂರಿಸಿ ಕಟ್ಟಿಹಾಕಿ. ಆದರೆ ಎಲ್ಲಿ ಕೂರಿಸಬೇಕು ಅಂತ ಗೊತ್ತಾಗಲು ಸ್ಟ್ರಕ್ಚರ್ ಬೇಕು. ಅದು ಇಲ್ಲದೇ ತಾನೇ ನೀವು ಇಲ್ಲಿ ಬಂದಿರೋದು! ಗ್ಲೂಟರಾಲ್ಡಿಹೈಡ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಷ್ಟು ಸಡಿಲ ಜೋಡಿಯಲ್ಲಿ ಅದು ಸಿಕ್ಕಿದ್ದನ್ನೆಲ್ಲ ಸಿಕ್ಕಿದವರಿಗೆ ಅಂಟಿಸುತ್ತೆ.

ಮೈಕ್ರೋಸ್ಕೋಪ್ ಟೈಮ್ ನನ್ನ ಕೈಯಲ್ಲೇ ಇದ್ದಿದ್ದರೆ, ಈ ಸ್ಯಾಂಪಲ್‌ಗೆ 300 ಕೆವಿ (ಕಿಲೋವೋಲ್ಟ್) ಯಂತ್ರದ ಒಂದು ದಿನವನ್ನೂ ಈಗ ಕೊಡುತ್ತಿರಲಿಲ್ಲ. ಬಾಸ್‌ಗೆ ಹೀಗೇ ಹೇಳಿ, ನನ್ನ ಹೆಸರು ಹಾಕಬೇಡಿ.

ಟಿ_ಕೋಶದ_ಮನೆ

ನಾನು ಇಮ್ಯುನಾಲಜಿ ಕಡೆಯವಳು, ಹರಳು ಗೊತ್ತಿಲ್ಲ. ಆದರೆ ಈ ಥ್ರೆಡ್ ಓದುತ್ತಾ ಒಂದು ವಿಷಯ ಕೊರೆಯುತ್ತಿದೆ. ನಿಮ್ಮ ಪ್ರಶ್ನೆ "ವೈರಸ್ಸು 5ನೇ ಜಾಗ ಬದಲಿಸಿದರೆ ಟಿಸಿಆರ್ ಯಾಕೆ ಕುರುಡಾಗುತ್ತೆ" ಅನ್ನುವುದು ತಾನೇ? ಹಾಗಾದರೆ ಆ 1.9 ಆಂಗ್‌ಸ್ಟ್ರಾಮಿನ ಎಚ್‌ಎಲ್‌ಎ ಸ್ಟ್ರಕ್ಚರ್ ಏನಾಯಿತು? ಅದರಲ್ಲಿ ಪೆಪ್ಟೈಡ್ ಇದೆ ಅಲ್ವಾ? 5ನೇ ಜಾಗ ಹೇಗೆ ಕಾಣಿಸುತ್ತೆ? ನೀವು ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲ. ಕಾರಿಡಾರಿನಲ್ಲಿ ನಡೆದಾಡಿದೆ ಅಂತ ಮಾತ್ರ ಬರೆದಿದ್ದೀರಿ.

ನಿಮ್ಮವರಿಗೇ ಒಂದು ಹಳೆ ಕಥೆ ನೆನಪಿಸುತ್ತೇನೆ. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಡಾನ್ ವೈಲಿ ಅವರ ಗುಂಪು ಎಚ್‌ಎಲ್‌ಎ-ಎ2ರ ಮೊದಲ ಸ್ಟ್ರಕ್ಚರ್ ತಂದಾಗ ರೆಸಲ್ಯೂಶನ್ 3.5 ಆಂಗ್‌ಸ್ಟ್ರಾಮ್. ಟಿಸಿಆರ್ ಇರಲಿಲ್ಲ, ಪೆಪ್ಟೈಡೂ ಯಾವುದು ಅಂತ ಗೊತ್ತಿರಲಿಲ್ಲ. ಎರಡು ಹೆಲಿಕ್ಸ್ (ಸುರುಳಿ) ನಡುವಿನ ಕಾಲುವೆಯಲ್ಲಿ ಲೆಕ್ಕಕ್ಕೆ ಸಿಗದ ಒಂದಿಷ್ಟು ಡೆನ್ಸಿಟಿ (ಅಲ್ಲಿ ಪರಮಾಣುಗಳಿವೆ ಅನ್ನುವ ಗುರುತು) ಕೂತಿತ್ತು, ಅಷ್ಟೇ. ಅದನ್ನು ಕಸ ಅಂತ ತಳ್ಳಿಹಾಕದೆ ಪೆಪ್ಟೈಡ್ ಕೂರುವ ಜಾಗ ಇದೇ ಅಂತ ಓದಿದರು. ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ 1974ರಿಂದ ಹೇಳುತ್ತಿದ್ದುದಕ್ಕೆ (ಟಿ-ಕೋಶ ವೈರಸ್ಸನ್ನು ಗುರುತಿಸುವುದು ಎಚ್‌ಎಲ್‌ಎಯಂಥ ಸ್ವಂತ ಪ್ರೋಟೀನಿನ ಜೊತೆಗೇ ಅನ್ನುವುದಕ್ಕೆ) ಆಗ ಒಂದು ಆಕಾರ ಸಿಕ್ಕಿತು. ಟಿಸಿಆರ್ ಸಮೇತ ಕಾಂಪ್ಲೆಕ್ಸ್ ಬಂದಿದ್ದು 1996ರಲ್ಲಿ. ಒಂಬತ್ತು ವರ್ಷ ಯಾರೂ ಕೈಕಟ್ಟಿ ಕೂತಿರಲಿಲ್ಲ.

ಮ್ಯುಟೆಂಟ್ ಪೆಪ್ಟೈಡಿನ ಎಚ್‌ಎಲ್‌ಎಯನ್ನೂ ಅದೇ ಕಂಡಿಶನ್ನಿನಲ್ಲಿ ಹನಿ ಇಡಿ. ಎಚ್‌ಎಲ್‌ಎ-ಎ2 ಪೆಪ್ಟೈಡನ್ನು ಹಿಡಿಯುವುದು ಮುಖ್ಯವಾಗಿ 2 ಮತ್ತು 9ನೇ ಜಾಗದಿಂದ. 5ನೆಯದು ಬದಲಾದರೆ ಹಿಡಿತ ಹೋಗಬಾರದು, ಆದರೆ ಹೋಗಿಲ್ಲ ಅಂತ ತೋರಿಸಿ. ಎರಡೂ ಎಚ್‌ಎಲ್‌ಎಗಳನ್ನು ಬಿಸಿ ಮಾಡಿ ಯಾವ ಡಿಗ್ರಿಗೆ ಬಿಚ್ಚಿಕೊಳ್ಳುತ್ತವೆ ನೋಡಿ, ಒಂದು ಮಧ್ಯಾಹ್ನದ ಕೆಲಸ. ಆಮೇಲೆ 2, 9 ಬಿಟ್ಟು ಪೆಪ್ಟೈಡಿನ ಒಂದೊಂದು ಜಾಗಕ್ಕೂ ಅಲನಿನ್ ಹಾಕಿ, ಟಿಸಿಆರ್ ಇರುವ ರಿಪೋರ್ಟರ್ ಕೋಶಗಳು (ಪೆಪ್ಟೈಡ್ ಗುರುತಿಸಿದರೆ ಸಿಗ್ನಲ್ ಕೊಡುವಂಥವು) ಯಾವುದಕ್ಕೆ ಸುಮ್ಮನಾಗುತ್ತವೆ ನೋಡಿ. ನಿಮ್ಮ ಲ್ಯಾಬಿನಲ್ಲಿ ಕೋಶ ಬೆಳೆಸುವವರು ಇಲ್ಲದಿದ್ದರೆ ಪಕ್ಕದ ಲ್ಯಾಬಿಗೆ ಹೋಗಿ ಕೇಳಿ. ಸ್ಟ್ರಕ್ಚರ್ ಮಾಡುವವರು ನಮ್ಮನ್ನು ಕೇಳಲು ಯಾಕೋ ಹಿಂಜರಿಯುತ್ತಾರೆ. ನಾವು ನಿಮ್ಮನ್ನು ಚಿತ್ರ ಮಾಡಿಕೊಡಿ ಅಂತ ಕೇಳಲು ಹಿಂಜರಿಯುವುದಿಲ್ಲ, ಗಮನಿಸಿದ್ದೀರಾ?

ಆ ಪ್ರಿಪ್ರಿಂಟ್ ಬಗ್ಗೆ: ಅದು ಬೇರೆ ಟಿಸಿಆರ್. ಅದೇ ಪೆಪ್ಟೈಡನ್ನು ಎರಡು ಟಿಸಿಆರ್ ಹೇಗೆ ನೋಡುತ್ತವೆ ಅನ್ನುವುದು ನಿಮ್ಮ ಪೇಪರಿಗೆ ಒಂದು ಚಿತ್ರ ಜಾಸ್ತಿ ಕೊಡುತ್ತೆ. ತೀರಾ ಒಂದೇ ವಿಷಯ ಆದರೂ ಪ್ಲಾಸ್ ಬಯಾಲಜಿಯಂಥ ಪತ್ರಿಕೆ 2018ರಿಂದ ಆರು ತಿಂಗಳೊಳಗೆ ಬಂದ ಇಂಥ ಜೋಡಿ ಕೆಲಸವನ್ನು "ಹಳತಾಯಿತು" ಅಂತ ವಾಪಸ್ ಕಳಿಸುವುದಿಲ್ಲ.

ಹನಿಯೊಳಗೆ

ಮೇಡಂ, ನಿಮ್ಮ ಮೊದಲ ಪ್ಯಾರಾ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಆ ಫೈಲನ್ನು ನಾನು "ಸುಮ್ನೆ" ಅನ್ನುವ ಫೋಲ್ಡರಿಗೆ ಹಾಕಿ ನಾಲ್ಕು ತಿಂಗಳಾಗಿತ್ತು. ಅದರಲ್ಲಿ ಟಿಸಿಆರ್ ಇಲ್ಲ ಅನ್ನುವುದನ್ನು ಮಾತ್ರ ನೋಡಿದ್ದೆ. ಇವತ್ತು ಸ್ಟ್ರಕ್ಚರ್ ನೋಡುವ ಸಾಫ್ಟ್‌ವೇರ್ ಕೂಟ್‌ನಲ್ಲಿ ತೆರೆದೆ. 5ನೇ ಜಾಗದ ಟೈರೋಸಿನ್ ನೆಟ್ಟಗೆ ಮೇಲಕ್ಕೆ ನಿಂತಿದೆ. ಡೆನ್ಸಿಟಿಯಲ್ಲಿ ಉಂಗುರದ ನಡುವಿನ ತೂತು ಕೂಡ ಕಾಣುತ್ತೆ. ಸ್ಕ್ರೀನ್‌ಶಾಟ್ ಬಾಸ್‌ಗೆ ಕಳಿಸಿದೆ. "ಇದು ನಮ್ಮ ಹತ್ತಿರ ಯಾವಾಗಿನಿಂದ ಇದೆ?" ಅಂತ ಕೇಳಿದರು. ಉತ್ತರ ಇನ್ನೂ ಬರೆದಿಲ್ಲ.

ಹಳೇ_ಹರಳು ಸರ್, ಲೆಕ್ಕವನ್ನು ನಾನೇ ಮತ್ತೆ ಮಾಡಿ ನೋಡಿದೆ, ಅಂಕಿ ಅದೇ ಬಂತು. 14 ತಿಂಗಳಲ್ಲಿ ಒಂದು ಸಲವೂ ಮಾಡಿರಲಿಲ್ಲ. ಇದು ಹೇಳಿಕೊಳ್ಳುವ ವಿಷಯವಲ್ಲ, ಆದರೂ ಬರೆದಿಡುತ್ತೇನೆ.

ಹನಿಯೊಳಗೆ (ಏಳು ವಾರದ ನಂತರ)

ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮ್ಯುಟೆಂಟ್ ಪೆಪ್ಟೈಡಿನ ಎಚ್‌ಎಲ್‌ಎ ಅದೇ ಕಂಡಿಶನ್ನಿನಲ್ಲಿ ಎಂಟೇ ದಿನಕ್ಕೆ ಹರಳಾಯಿತು, 2.1 ಆಂಗ್‌ಸ್ಟ್ರಾಮ್. ಹಿಸ್ಟಿಡಿನ್ ಮೇಲಕ್ಕೆ ನಿಂತಿಲ್ಲ. ಪಕ್ಕಕ್ಕೆ ವಾಲಿ ಎಚ್‌ಎಲ್‌ಎಯ ಆಲ್ಫಾ2 ಹೆಲಿಕ್ಸಿನ ಕಡೆ ಕೈ ಚಾಚಿದೆ. ಅದರ ಜೊತೆ 4ರಿಂದ 6ರವರೆಗೆ ಪೆಪ್ಟೈಡಿನ ಬೆನ್ನೂ ಸುಮಾರು ಒಂದೂವರೆ ಆಂಗ್‌ಸ್ಟ್ರಾಮ್ ಕೆಳಗೆ ಇಳಿದಿದೆ. ಟಿಸಿಆರ್ ಹುಡುಕುವ ಗುಬ್ಬಿಯೇ ಮಾಯ. ಬಿಸಿ ಮಾಡಿ ನೋಡಿದೆ: ಮೊದಲಿನದು 61 ಡಿಗ್ರಿ, ಮ್ಯುಟೆಂಟ್ 60. ಎಚ್‌ಎಲ್‌ಎ ಹಿಡಿತ ಹೋಗಿಲ್ಲ. ಪಕ್ಕದ ಲ್ಯಾಬಿನವರು ಅಲನಿನ್ ಪರೀಕ್ಷೆ ಮಾಡಿಕೊಟ್ಟರು. 5ನೇ ಜಾಗಕ್ಕೆ ಅಲನಿನ್ ಹಾಕಿದರೆ ಕೋಶಗಳು ಪೂರ್ತಿ ಮೌನ, 4ಕ್ಕೆ ಅರ್ಧ, 7 ಮತ್ತು 8ಕ್ಕೆ ಅವು ಕ್ಯಾರೇ ಅನ್ನಲಿಲ್ಲ. ಕೇಳಲು ಹೋದಾಗ ಅವರು ಮೊದಲು ಹೇಳಿದ್ದು, "ನೀವು ಬರ್ತೀರಿ ಅಂತ ವರ್ಷದಿಂದ ಕಾಯ್ತಿದ್ವಿ."

ಬಾಸ್ ಕ್ರಯೋ-ಇಎಂ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ನಾಲ್ಕು ಅಂಕಿ ಬೋರ್ಡಿನ ಮೇಲೆ ಬರೆದೆ, ಅವರು ಎದ್ದು ಬಂದು ಐದನೆಯದನ್ನು ತಾವೇ ಬರೆದರು: 30 ಮಿಲಿಗ್ರಾಂಗೆ ಎಷ್ಟು ಅಂತ. ನೂರಕ್ಕೆ 70. ಪಕ್ಕದ ಪ್ರಾಜೆಕ್ಟಾಗಿ ಒಂದು ಫ್ಯಾಬ್ ಕೂಡ ಕೊಟ್ಟಿದ್ದಾರೆ, 2 ನ್ಯಾನೋಮೋಲಾರ್. ಜೆಲ್ ಫಿಲ್ಟ್ರೇಶನ್‌ನಲ್ಲಿ ಒಂದೇ ಪೀಕು, ಎಡಕ್ಕೆ ಸರಿದು. ಆ ಪೀಕನ್ನು ಪ್ರಿಂಟ್ ತೆಗೆದು ಡೆಸ್ಕಿನ ಮೇಲೆ ಅಂಟಿಸಿದ್ದೇನೆ, ನಗಬೇಡಿ.

ಕಾಂಪ್ಲೆಕ್ಸ್ ಇನ್ನೂ ಬಂದಿಲ್ಲ. 14 ಮಿಲಿಗ್ರಾಂ, ಟಿಸಿಆರ್ 1.2 ಪಾಲು, ಪೆಗ್ ಸ್ಕ್ರೀನು. ಮೂರು ಹನಿಗಳಲ್ಲಿ ಮುಳ್ಳುಹಂದಿಯಂಥ ಸೂಜಿ ಗೊಂಚಲು. ತೊಳೆದು ಜೆಲ್ ಓಡಿಸಿದೆ. ನಾಲ್ಕು ಪಟ್ಟಿ! ಕುಣಿದೆ. ಆದರೆ ಬೀಮ್‌ನಲ್ಲಿ 7 ಆಂಗ್‌ಸ್ಟ್ರಾಮಿಗಿಂತ ಮುಂದೆ ಹೋಗುತ್ತಿಲ್ಲ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಹೇಳಿ.

ಹಳೇ_ಹರಳು

ನಾಲ್ಕು ಪಟ್ಟಿ ಬಂತಲ್ಲ, ಭೇಷ್.

ಆ ಸೂಜಿಗಳನ್ನು ಬಿಸಾಡಬೇಡಿ, ಅವೇ ನಿಮ್ಮ ಬಿತ್ತನೆ ಬೀಜ. ಹನಿಯನ್ನು ಪೂರ್ತಿ ಎತ್ತಿ, ಅದೇ ಬಾವಿಯ (ಹನಿಯ ಪಕ್ಕದ ಗುಂಡಿಯ) ದ್ರಾವಣ 50 ಮೈಕ್ರೋಲೀಟರ್ ಹಾಕಿ, ಒಂದು ಗಾಜಿನ ಮಣಿಯ ಜೊತೆ ಮೂರು ನಿಮಿಷ ವೋರ್ಟೆಕ್ಸ್ ಮಾಡಿ. ನಡುನಡುವೆ ಐಸ್ ಮೇಲೆ ಇಡಿ, ಬಿಸಿಯಾದರೆ ಬೀಜ ಕರಗುತ್ತೆ. ಮೈಕ್ರೋಸ್ಕೋಪಿನಲ್ಲಿ ಸೂಜಿ ಒಂದೂ ಕಾಣಿಸಬಾರದು. ಆಮೇಲೆ ಮುಖ್ಯ ವಿಷಯ: ಅದೇ ಕಂಡಿಶನ್ನಿಗೆ ಮಾತ್ರ ಹಾಕಬೇಡಿ. ಪೂರ್ತಿ 96ರ ಹೊಸ ಸ್ಕ್ರೀನಿಗೆ ಹಾಕಿ, ಪ್ರೋಟೀನ್ 300 ನ್ಯಾನೋಲೀಟರ್, ಬಾವಿ 200, ಬೀಜ 100. ಸೂಜಿ ಹುಟ್ಟುವ ಕಡೆ ದಪ್ಪ ಹರಳು ಬೆಳೆಯಲೇಬೇಕು ಅಂತಿಲ್ಲ. ಹುಟ್ಟುವ ಕೆಲಸ ಬೀಜ ಮಾಡಿಕೊಡುತ್ತೆ, ಬೆಳೆಯಲು ಬೇರೆ ಹನಿ ಬೇಕಾಗಬಹುದು. ಉಳಿದ ಬೀಜವನ್ನು ಮೈನಸ್ 80ರಲ್ಲಿ ಇಡಿ, ತಾರೀಕು ಬರೆದು.

ಎಷ್ಟು ಟಿಸಿಆರ್ ಉಳಿದಿದೆ?

ಹನಿಯೊಳಗೆ

0.8 ಮಿಲಿಗ್ರಾಂ ಸರ್. ಎರಡು ಪ್ಲೇಟಿಗಾಗುವಷ್ಟು. ಇವತ್ತು ಸಂಜೆ ಇನ್ನೊಂದು ಲೀಟರ್ ರೀಫೋಲ್ಡಿಂಗ್ ಇಡುತ್ತಿದ್ದೇನೆ, ಆರ್ಜಿನೈನ್ ತೂಗಿ ಆಯಿತು. ಗಾಜಿನ ಮಣಿ ಯಾವ ಡ್ರಾಯರಿನಲ್ಲಿದೆ ಅಂತ ಹುಡುಕಬೇಕು.